ಬಿಬಿಸಿ ಮೈಕ್ರೋ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು 1984ರಲ್ಲಿ ಬಂದ ‘ಕ್ಲಾಸ್’ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರ್ ತುಮಕೂರಿನಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟರ್ಮಿನಲ್ ತಂತ್ರಾಂಶ (ದೂರದ ಯಂತ್ರಕ್ಕೆ ಅಕ್ಷರ ಕಳಿಸಿ, ಬಂದದ್ದನ್ನು ತೋರಿಸುವಂಥದು), ಸೀರಿಯಲ್ ಮೋಡೆಮ್ (ಅಕ್ಷರಗಳನ್ನು ಫೋನಿನ ದನಿಯಾಗಿಸುವ ಪೆಟ್ಟಿಗೆ) ಇದ್ದರೆ ಅದು ಇಂದಿಗೂ ಫೋನ್ ಲೈನಿನಲ್ಲಿ ದೂರದ ಯಂತ್ರದೊಡನೆ ಮಾತಾಡುತ್ತದೆ.

ಹಿಂಬದಿಯ ಆರ್‌ಎಸ್423 ಸಾಕೆಟ್ಟಿಗೆ (ಮೋಡೆಮ್ ಜೋಡಿಸುವ ಜಾಗ) ಐದು ಪಿನ್ನಿನ ಪ್ಲಗ್ ತಲೆಕೆಳಗಾಗಿಯೂ ಕೂರುತ್ತದೆ. ಪರದೆಯಲ್ಲಿ ಏನೂ ಬಾರದಿದ್ದರೆ ಮೊದಲು ಅದನ್ನೇ ತಿರುಗಿಸಿ ಹಾಕಿ. ‘ಈಗ ಕಳಿಸಬಹುದು’ ಎಂದು ಮೋಡೆಮ್ ಸೂಚಿಸುವ ಸಿಟಿಎಸ್ ತಂತಿ ಬಿಟ್ಟುಹೋಗಿದ್ದರೆ ಕಂಪ್ಯೂಟರ್ ಒಂದಕ್ಷರವನ್ನೂ ಕಳಿಸದು. ಬಹಳ ಜನ ಸುಮ್ಮನೆ ಮೋಡೆಮ್ಮನ್ನು ಬೈಯುವುದು ಇಲ್ಲೇ. ಸೆಕೆಂಡಿಗೆ 1200 ಬಿಟ್ ವೇಗಕ್ಕೆ *ಎಫ್‌ಎಕ್ಸ್ 7,4 ಮತ್ತು *ಎಫ್‌ಎಕ್ಸ್ 8,4 ಎಂಬ ಆಜ್ಞೆಗಳನ್ನು ಕಂಪ್ಯೂಟರಿಗೆ ಕೊಡಿ. ಡಯಲ್ ಟೋನ್ ಇಲ್ಲವೆಂದು ಮೋಡೆಮ್ ಹಟ ಹಿಡಿದರೆ, ಟೋನಿಗೆ ಕಾಯದೆ ಡಯಲ್ ಮಾಡಲು ಅದಕ್ಕೆ ಎಟಿಎಕ್ಸ್3 ಆಜ್ಞೆ ಕೊಡಿ.

ಫೈಬರ್ ಫೋನಿನಲ್ಲಿ ದನಿ ಸಣ್ಣ ತುಣುಕುಗಳಾಗಿ, ಅಂದರೆ ಪ್ಯಾಕೆಟ್ಟುಗಳಾಗಿ ಸಾಗುತ್ತದೆ; ಒಂದು ತಪ್ಪಿದರೂ ಅಕ್ಷರಗಳು ಕೆಡುತ್ತವೆ, ವೇಗ ಹೆಚ್ಚಿದಷ್ಟೂ ತೊಂದರೆ. ತಾಮ್ರದ ಲೈನ್ ಉಳಿದಿರುವವರು ಅದನ್ನು ತೆಗೆಸಬೇಡಿ.

– ಹಳೆಯ ಕಂಪ್ಯೂಟರ್ ಆಸಕ್ತರು, ತುಮಕೂರು