ಹೋದವರೆಷ್ಟು, ಬಂದವರೆಷ್ಟು

ನನ್ನ ದೋಸ್ತ ತೀರಿಕೊಂಡು ಮೊನ್ನೆಗೆ ಒಂದು ವರ್ಷ ಆಯಿತು. ಆಗ ರಕ್ತ ಕೊಟ್ಟವರಿಗೆ, ರಾತ್ರಿ ಕೂತವರಿಗೆ, ಬುತ್ತಿ ತಂದವರಿಗೆ ನಾನು ಒಂದು ಮಾತೂ ಹೇಳಲಿಲ್ಲ. ಈಗ ಹೇಳುತ್ತೇನೆ. ಉದ್ದ ಆದರೆ ಸಹಿಸಿಕೊಳ್ಳಿ, ಅವನ ಸುದ್ದಿ ಬಂದರೆ ನನಗೆ ಬೇಗ ಮುಗಿಸೋಕೆ ಬರೋದಿಲ್ಲ.

ಧಾರವಾಡದಲ್ಲಿ ಹುಟ್ಟಿ ಬೆಳೆದವನಿಗೆ ಗವಿ ಹುಚ್ಚು ಹೇಗೆ ಹತ್ತಿತೋ! ಅವನನ್ನ ಕೇಳಿದರೆ ಬ್ರಿಟಿಷರ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ನ ಕಥೆ ಶುರು ಮಾಡುತ್ತಿದ್ದ. ನಮ್ಮ ಕಡೆಯ ಹಳೇ ಕಲ್ಲಿಗೆ ‘ಧಾರವಾಡ’ ಅಂತ ಹೆಸರಿಟ್ಟವನು ಆತ. ಆಂಧ್ರದ ಬೇಲಂ ಗವಿಗಳ ಬಗ್ಗೆ 1884ರಲ್ಲಿ ಬರೆದಿಟ್ಟವನೂ ಆತನೇ. “ಅಂದ್ರ ಬೇಲಮ್ಮಿಗೂ ನಮಗೂ ಸಂಬಂಧ ಐತಿ ಅಂದಂಗಾತು” ಅಂತ ಇವನ ವಾದ. ಇಬ್ಬರಿಗೂ ಒಬ್ಬನೇ ಸೋದರಮಾವ ಇದ್ದ ಹಾಗೆ!

ಆ ಸಂಬಂಧ ಹಿಡಿದು ನಾವು ಗುಂತಕಲ್ಲಿನಲ್ಲಿ ರೈಲು ಬದಲಿಸಿ, ತಾಡಪತ್ರಿಯಲ್ಲಿ ಇಳಿದು, ಮೂರು ಸಲ ಬೇಲಂಗೆ ಹೋದೆವು. ಒಟ್ಟು 3,229 ಮೀಟರ್ ಉದ್ದದ ಗವಿ. ನಮ್ಮಂಥವರಿಗೆ ಬಿಡೋದು ಸುಮಾರು ಒಂದೂವರೆ ಕಿಲೋಮೀಟರ್. ಒಳಗೆ ತಂಪು ಇರುತ್ತೆ ಅಂದುಕೊಂಡು ಹೋದರೆ ಅಂಗಿ ಹಿಂಡುವಷ್ಟು ಬೆವರು. ಅಲ್ಲೊಂದು ಕಡೆ ಮೇಲಿಂದ ಇಳಿಬಿದ್ದ ಕಲ್ಲುಗಳನ್ನ ಬಡಿದರೆ ಒಂದೊಂದಕ್ಕೆ ಒಂದೊಂದು ಸ್ವರ ಬರುತ್ತದೆ, ಸಪ್ತಸ್ವರದ ಗವಿ ಅಂತಾರೆ. ಬಂದವರೆಲ್ಲ ಬಡಿಯುತ್ತಿದ್ದರು. ನಾನೂ ಬೆರಳು ಮಡಚಿದೆ. “ಲೇ, ಕೈ ಹಚ್ಚಬ್ಯಾಡ. ಹನಿ ಹನಿ ನೀರು ಸುಣ್ಣ ಬಿಟ್ಟು ಬಿಟ್ಟು ಅಷ್ಟು ಆಗೇದ. ನಿನ್ನ ಕೈಯಾಗಿನ ಜಿಡ್ಡು ಹತ್ತಿದ್ರ ಬೆಳಿಯೂದ ನಿಂತಬಿಡ್ತದ” ಅಂದ ಅವನು. ನಾನು ಬಡಿಯಲಿಲ್ಲ. ಆ ಸ್ವರ ಹೇಗಿದೆ ಅಂತ ಬೇರೆಯವರು ಬಡಿದಾಗಲೇ ಕೇಳಿದ್ದು.

ಅವನ ನಿಯಮಗಳು ಜಾಸ್ತಿ. ತಲೆಗೊಂದು, ಕೈಗೊಂದು, ಚೀಲದಲ್ಲೊಂದು, ಹೀಗೆ ಒಬ್ಬೊಬ್ಬರಿಗೆ ಮೂರು ಬ್ಯಾಟರಿ. ಒಬ್ಬನೇ ಹೋಗೋ ಹಾಗಿಲ್ಲ. ಕವಳಾ ಗವಿ ಇರೋದು ದಾಂಡೇಲಿಯ ಕಾಡಿನಲ್ಲಿ. ಮೇಲಿನ ಹನಿಯಿಂದಲೇ ಕಟ್ಟಿಕೊಂಡ ಅಲ್ಲಿನ ಶಿವಲಿಂಗದ ಹತ್ತಿರ ಹೋಗಬೇಕಾದರೆ ಬಗ್ಗಿ, ತೆವಳಿ ಹೋಗಬೇಕು. ಅಲ್ಲಿಂದ ಹೊರಗೆ ಬಂದ ಕೂಡಲೇ ದೇವರಿಗೆ ಕೈ ಮುಗಿಯೋ ಮೊದಲು ತಲೆ ಎಣಿಸುತ್ತಿದ್ದ. “ನಾಕ ಮಂದಿ ಹೋಗಿದ್ವಿ, ನಾಕೂ ಮಂದಿ ಬಂದ್ವಿ.” ಇದು ಹೇಳೋ ತನಕ ಯಾರೂ ನೀರು ಕುಡಿಯೋ ಹಾಗಿಲ್ಲ.

ಒಂದು ಸಲ ಉಳವಿ ಕಡೆಯ ಒಂದು ಸಣ್ಣ ಗವಿಯಲ್ಲಿ ನಾನು ಸಿಕ್ಕಿಕೊಂಡೆ. ಎರಡೂ ಕೈ ಎದೆಗೆ ಒತ್ತಿಕೊಂಡು ನುಗ್ಗಿದ್ದೆ, ತಪ್ಪು ನನ್ನದೇ. ಹಿಂದೂ ಇಲ್ಲ, ಮುಂದೂ ಇಲ್ಲ. ಗಾಬರಿಯಲ್ಲಿ ಉಸಿರು ಎಳೆದುಕೊಂಡಷ್ಟೂ ಎದೆ ಉಬ್ಬಿ ಇನ್ನೂ ಬಿಗಿಯಾಯಿತು. ಬಾಯಲ್ಲಿ ಮಣ್ಣಿನ ರುಚಿ. ಅವನು ಆಚೆ ಮಲಗಿಕೊಂಡು, ತನ್ನ ಬ್ಯಾಟರಿ ನನ್ನ ಕಣ್ಣಿಗೆ ಬೀಳದ ಹಾಗೆ ತಿರುಗಿಸಿ ಇಟ್ಟ. “ಉಸಿರು ಬಿಡು. ಎಳಕೋಬ್ಯಾಡ, ಬಿಡು. ಪೂರಾ ಬಿಟ್ಟು, ಬೆರಳಷ್ಟು ಸರಿ.” ಬಿಟ್ಟೆ, ಸರಿದೆ. ಮತ್ತೆ ಬಿಟ್ಟೆ. ಬಲಗೈ ಮುಂದೆ ಬಂತು. ಅದನ್ನ ಹಿಡಿದ, ಆದರೆ ಎಳೆಯಲಿಲ್ಲ. ಸುಮ್ನೆ ಹಿಡಕೊಂಡಿದ್ದ.

ಅವನ ಅದೇ ಕೈಯನ್ನ ಆಸ್ಪತ್ರೆಯಲ್ಲಿ ನಾನು ಹಿಡಕೊಂಡು ಕೂತೆ. ರಕ್ತದ ಕ್ಯಾನ್ಸರ್. ಕೂತವನಿಗೆ ಧೈರ್ಯ ಇರಲಿಲ್ಲ, ಮಲಗಿದವನೇ ನನ್ನ ಮುಖ ನೋಡಿ “ಉಸಿರು ಬಿಡಲೇ” ಅಂದ.

ಪ್ಲೇಟ್‌ಲೆಟ್ ಕೊಟ್ಟವರೇ, ಮೊದಲ ನಮಸ್ಕಾರ ನಿಮಗೆ. ಅದನ್ನ ತೆಗೆದರೆ ಐದು ದಿನ ಇಡಬಹುದು ಅಷ್ಟೇ, ಕೂಡಿಸಿ ಇಡೋಕೆ ಆಗೋದಿಲ್ಲ. ಹಂಗಾಗಿ ಮತ್ತೆ ಮತ್ತೆ ಹೊಸಬರು ಬೇಕು. ರಕ್ತ ಒಂದು ಕೈಯಿಂದ ಯಂತ್ರಕ್ಕೆ ಹೋಗಿ, ಬೇಕಾದ್ದು ಉಳಿಸಿಕೊಂಡು ಮಿಕ್ಕಿದ್ದು ತಿರುಗಿ ಮೈಗೇ ಬರುತ್ತದೆ. ಒಂದು ತಾಸಿನ ಮೇಲೇ ಹಿಡಿಯುತ್ತೆ. ನೃಪತುಂಗ ಬೆಟ್ಟದ ಮೇಲೆ ಬೆಳಿಗ್ಗೆ ನಡೆಯೋಕೆ ಬರೋ ಹುಡುಗರು, ನನಗೆ ನಿಮ್ಮಲ್ಲಿ ಅರ್ಧ ಮಂದಿಯ ಹೆಸರೂ ಗೊತ್ತಿರಲಿಲ್ಲ. ಅವತ್ತು ಒಬ್ಬ ಬಂದ, ಮರುದಿನ ಇಬ್ಬರನ್ನ ಕರಕೊಂಡು ಬಂದ. ಪರೀಕ್ಷೆ ಇದ್ದ ದಿನ ಬಂದವನೊಬ್ಬ ಇದ್ದಾನೆ. ಪಾಸಾದೆಯೋ ಇಲ್ಲವೋ, ತಿಳಿಸಪ್ಪಾ.

ರಾತ್ರಿ ಹನ್ನೊಂದಕ್ಕೂ ಧಾರವಾಡದಿಂದ ಹುಬ್ಬಳ್ಳಿಗೆ ಬಿಟ್ಟು, ಬಾಡಿಗೆ ಕೇಳಿದರೆ “ಆಮ್ಯಾಲೆ ನೋಡೂಣ್ರಿ” ಅನ್ನುತ್ತಿದ್ದ ಆಟೋ ಅಣ್ಣನಿಗೆ, ಆ ‘ಆಮ್ಯಾಲೆ’ ಇನ್ನೂ ಬಾಕಿ ಇದೆ. ರೊಟ್ಟಿ, ಜುಣಕ ಕಟ್ಟಿ ಕಳಿಸಿದ ಓಣಿಯ ಅಕ್ಕಂದಿರಿಗೆ ನಿಮ್ಮ ಡಬ್ಬಿಗಳು ನಮ್ಮನೆಯಲ್ಲೇ ಇವೆ, ಗುರುತು ಹಿಡಿದು ಒಯ್ಯಿರಿ. ಕೊನೆಯ ವಾರ ವಾರ್ಡಿನ ದೀಪ ಕಣ್ಣಿಗೆ ಚುಚ್ಚುತ್ತೆ ಅಂದಾಗ ಕೇಳದೇನೇ ಪರದೆ ಎಳೆದ ಆಯಾಗೂ ನಮಸ್ಕಾರ. ಕತ್ತಲೆ ಅವನಿಗೆ ಇಷ್ಟ ಅಂತ ನಿಮಗೆ ಗೊತ್ತಿರಲಿಲ್ಲ.

ಇನ್ನು ವೈನಿ, ಅವನ ಹೆಂಡತಿ. ಪ್ರತಿ ಸಲ ಹೊರಡೋವಾಗ ಅವನು ಒಂದು ಚೀಟಿ ಬರೆದು ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸುತ್ತಿದ್ದ. ಯಾವ ಗವಿ, ಎಷ್ಟು ಮಂದಿ, ಎಷ್ಟು ಗಂಟೆಗೆ ಹೊರಗೆ. ಆ ಹೊತ್ತಿಗೆ ಫೋನ್ ಬರದಿದ್ದರೆ ಮಂದಿಯನ್ನ ಕಳಿಸೋ ಕೆಲಸ ವೈನಿದು. ನಾವು ಒಳಗೆ ಮಜಾ ಮಾಡುವಾಗ ಇಷ್ಟು ವರ್ಷ ಗಡಿಯಾರ ನೋಡುತ್ತಾ ಕೂತವರು ಅವರು. ಇದು ನಮ್ಮ ತಲೆಗೆ ಹೊಳೆದದ್ದು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ನಾವೇ ಕೂತಾಗ. ತಡ ಆಯಿತು ವೈನಿ, ತಪ್ಪಾಯಿತು.

ಹೋದ ತಿಂಗಳು ಮತ್ತೆ ಬೇಲಂಗೆ ಹೋಗಿದ್ದೆವು, ಬೆಟ್ಟದ ಹುಡುಗರಲ್ಲಿ ಇಬ್ಬರನ್ನ ಕರಕೊಂಡು. ಚೀಟಿ ನಾನೇ ಬರೆದು ಸಿಕ್ಕಿಸಿದ್ದೆ: ಐದು ಮಂದಿ, ಸಂಜೆ 4 ಗಂಟೆ. ಹೊರಗೆ ಬಂದಾಗ 3:40. ಎಲ್ಲರೂ ನೀರಿನ ಬಾಟಲಿ ಹಿಡಕೊಂಡು, ಮುಚ್ಚಳ ತೆಗೆಯದೆ ನನ್ನ ಮುಖ ನೋಡುತ್ತಿದ್ದರು. ನಾನು ಫೋನ್ ಹಚ್ಚಿದೆ.

“ಎಷ್ಟ ಮಂದಿ ಬಂದ್ರಿ?”

“ಐದು ಮಂದಿ ಹೋಗಿದ್ವಿ ವೈನಿ, ಐದೂ ಮಂದಿ ಬಂದ್ವಿ.”

“ಹಂಗಾರ ನೀರು ಕುಡೀರಿ” ಅಂದರು.