ಘಟ್ಟದ ಮೇಲಿನವರು ಕಂಡ ಮಂಗಳೂರು

ನಮ್ಮ ಸಂಘದಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಕಡೆಯವರು ಕಡಿಮೆಯಿಲ್ಲ. ರಜೆಗೆ ಊರಿಗೆ ಹೋಗುವಾಗ ಇವರಲ್ಲಿ ಅನೇಕರು ಬಜ್ಪೆಯಲ್ಲಿ ವಿಮಾನ ಇಳಿದು, ಅಲ್ಲಿಂದಲೇ ಕಾರು ಹಿಡಿದು, ಕಾರ್ಕಳ ದಾಟಿ ಘಟ್ಟ ಹತ್ತಿಬಿಡುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಮಾಡಿದ್ದೇನೆ. ಮಂಗಳೂರೆಂದರೆ ನಮಗೆ ವಿಮಾನ ಇಳಿಯುವ ಊರು, ಇಲ್ಲವೇ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದಾಗ ಓಡುವ ಆಸ್ಪತ್ರೆಗಳ ಊರು. ಕಳೆದ ಡಿಸೆಂಬರಿನಲ್ಲಿ ಮಾತ್ರ, ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಿಂದ ಸೋದರಮಾವನವರನ್ನೂ ಮಗಳನ್ನೂ ಕರೆದುಕೊಂಡು, ಆ ನಗರವನ್ನು ನೋಡುವುದಕ್ಕೆಂದೇ ಘಟ್ಟ ಇಳಿದೆ.

ಮೊದಲ ಸಂಜೆ ಆಗುಂಬೆಯಲ್ಲಿ ಉಳಿದೆವು. ಆಕಾಶ ತಿಳಿಯಾಗಿರುವ ದಿನ ಅಲ್ಲಿನ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬೀ ಸಮುದ್ರ ಕಾಣುತ್ತದೆ; ನಮಗೂ ಕಂಡಿತು, ಆದರೆ ಅದು ನೀರೋ ಬೆಳಕೋ ಎಂದು ಹೇಳಲಾಗದಷ್ಟು ದೂರದಲ್ಲಿ. ‘ಚಿಕ್ಕವರಿದ್ದಾಗ ಅಪ್ಪಯ್ಯ ಅದನ್ನು ತೋರಿಸಿ ಕಡಲು ಅನ್ನೋರು, ನಾವು ನಂಬ್ತಿರಲಿಲ್ಲ’ ಎಂದರು ಮಾವ. ಮಾರನೆಯ ಬೆಳಿಗ್ಗೆ ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರ, ಹೆಬ್ರಿಯ ದಾರಿ ಹಿಡಿದಾಗ, ಗಂಗಾಮೂಲದ ಕಥೆಯನ್ನು ಅವರೇ ನನ್ನ ಮಗಳಿಗೆ ಹೇಳಿದರು. ನಮ್ಮ ಮನೆಯ ಕೆಳಗೆ ಹರಿಯುವ ತುಂಗೆಯೂ ಭದ್ರೆಯೂ ನೇತ್ರಾವತಿಯೂ ಹುಟ್ಟುವುದು ಅಲ್ಲಿಯೇ ಎಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ತುಂಗೆ, ಭದ್ರೆಗಳು ಮೂಡಲಿಗೆ ಹರಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯವರೆಗೆ ಹೋಗುತ್ತವೆ. ನೇತ್ರಾವತಿ ಪಡುವಲಿಗೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ.

ನಗರದಲ್ಲಿ ನಾವು ಮೊದಲು ಹತ್ತಿದ್ದು ಬಾವುಟಗುಡ್ಡೆಯನ್ನು. 1837ರಲ್ಲಿ ಘಟ್ಟದ ಬುಡದ ಸುಳ್ಯದಿಂದ ಹೊರಟ ರೈತರ ದಂಡು ಕಂಪನಿಯ ಆಡಳಿತವನ್ನು ಓಡಿಸಿ ಬಾವುಟ ಏರಿಸಿದ್ದು ಇಲ್ಲಿ. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಅದೇ ಗುಡ್ಡದ ಮೇಲೆ ಸಂತ ಅಲೋಶಿಯಸ್ ಪ್ರಾರ್ಥನಾಲಯವಿದೆ. ಇಟಲಿಯಿಂದ ಬಂದ ಜೆಸ್ವಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆಗಳನ್ನೂ ಚಾವಣಿಯನ್ನೂ ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳು, ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕಾದ ಬಗೆಯವು. ಕೈ ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಮನೆಯ ಗೋಡೆಗೆ ಪ್ರತಿವರ್ಷ ಸುಣ್ಣ ಬಳಿದು ಗೊತ್ತಿದ್ದ ಮಾವನಿಗೆ ಇದನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಅವರು ಬಹಳ ಹೊತ್ತು ತಲೆಯೆತ್ತಿ ನಿಂತಿದ್ದರು.

ಕದ್ರಿಗೆ ಮಧ್ಯಾಹ್ನದ ಮೊದಲು ಹೋಗಿಬಂದೆವು. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿರುವ ಬರಹ ಆಳುಪ ಅರಸು ಕುಂದವರ್ಮನದು, ಕ್ರಿ.ಶ. 968ರದು. ಮೂರ್ತಿಯನ್ನು ಅವಸರದಲ್ಲಿ ನೋಡಬಾರದಿತ್ತು; ಇನ್ನೊಮ್ಮೆ ಹೋಗಬೇಕು.

ನನಗೆ ಮುಖ್ಯವಾಗಿ ನೋಡಬೇಕಿದ್ದದ್ದು ಬಲ್ಮಠ ಮತ್ತು ಜೆಪ್ಪು. ಪ್ರವಾಸಿಗರ ಪಟ್ಟಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ, ಇರಬೇಕೆಂದು ನನ್ನ ಅಭಿಪ್ರಾಯ. ಬಲ್ಮಠದಲ್ಲಿ ನೆಲೆಯೂರಿದ್ದ, ಬಾಸೆಲ್ ಮಿಷನ್ ಎಂಬ ಯುರೋಪಿನ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದದ್ದು ಈ ಊರಿನಲ್ಲಿ, 1843ರ ಜುಲೈ 1ರಂದು, ಆ ದಿನವನ್ನೇ ಕರ್ನಾಟಕ ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತದೆ. ಇಷ್ಟು ದೂರದಲ್ಲಿ ಕುಳಿತು ಪುಟ್ಟದೊಂದು ಕನ್ನಡ ಸುದ್ದಿಪತ್ರ ಹೊರಡಿಸುವ ನನಗೆ ಬಲ್ಮಠದ ಗುಡ್ಡದಲ್ಲಿ ನಡೆಯುವುದು ಹಿರಿಯರ ಮನೆಗೆ ಹೋದಂತೆಯೇ ಇತ್ತು. ಮುಂದೆ ಅದೇ ಮಿಷನ್ನಿನ ಮುದ್ರಣಾಲಯ ನೋಡಿಕೊಳ್ಳಲು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೇಡಿಮಣ್ಣಿನ ಗುಣ ಕಂಡು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಒಂದರ ಏಣು ಇನ್ನೊಂದರ ತಗ್ಗುಗೆರೆಯಲ್ಲಿ ಕೂರುವ, ಮಳೆನೀರನ್ನು ಒಳಗೆ ಬಿಡದೆ ಇಳಿಸುವ ಆ ಚಪ್ಪಟೆ ಹೆಂಚು ಘಟ್ಟ ಹತ್ತಿ ಬಂದು, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹುಲ್ಲು, ಸೋಗೆ, ನಾಡಹೆಂಚುಗಳ ಜಾಗವನ್ನು ಹಿಡಿಯಿತು.

ನಾನು ಹುಡುಗನಾಗಿದ್ದಾಗ ಮಳೆಗಾಲಕ್ಕೆ ಮೊದಲು ಮನೆಯ ಹೆಂಚು ಕೈಯಾಡಿಸುವ ದಿನ, ಕೆಳಗಿಳಿಸಿದ ಹೆಂಚುಗಳ ಒಳಮೈಯಲ್ಲಿ ಅಚ್ಚಾಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಬೆರಳಾಡಿಸಿ ಓದುತ್ತಿದ್ದೆ: ಬಾಸೆಲ್ ಮಿಷನ್, 1865. ನಮ್ಮ ಮನೆ ಅಷ್ಟು ಹಳೆಯದೆಂದು ಶಾಲೆಯಲ್ಲಿ ಹೇಳಿಕೊಂಡದ್ದೂ ಉಂಟು. ಅದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ ಎಂಬುದು ತಿಳಿದದ್ದು ಬಹಳ ತಡವಾಗಿ.

ಇಳಿಹೊತ್ತಿಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಬಂದೆವು. ಗುರುಪುರ ನದಿಗೆ ಯುದ್ಧದ ಹಡಗುಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕರಿಕಲ್ಲಿನಲ್ಲಿ ಕಟ್ಟಿಸಿದ ಕಾವಲು ಕೋಟೆ ಇದು. ಗಾತ್ರ ಚಿಕ್ಕದು, ಆದರೆ ಮೇಲೆ ನಿಂತು ತೋಪಿನ ಕಂಡಿಗಳಿಂದ ನದಿಯನ್ನು ನೋಡಿದರೆ, ಜಾಗ ಆರಿಸಿದವರ ಕಣ್ಣು ಎಷ್ಟು ಚುರುಕಾಗಿತ್ತೆಂದು ತಿಳಿಯುತ್ತದೆ. ಅಲ್ಲಿಂದ ದೋಣಿಯಲ್ಲಿ ಆಚೆ ದಡಕ್ಕೆ ದಾಟಿ ತಣ್ಣೀರುಬಾವಿಯ ಮರಳಿಗೆ ನಡೆದೆವು. ಹಿಂದಿನ ಸಂಜೆ ಆಗುಂಬೆಯಿಂದ ಕಂಡ ಗೆರೆ ಈಗ ಕಾಲಿನ ಹತ್ತಿರಕ್ಕೆ ಬಂದು ಸದ್ದು ಮಾಡುತ್ತಿತ್ತು. ಮಾವ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ಮಗಳು ಮೂಡಲಿಗೆ ತಿರುಗಿ, ‘ಅಜ್ಜ, ಇಲ್ಲಿಂದ ಆಗುಂಬೆ ಕಾಣತ್ತಾ?’ ಎಂದು ಕೇಳಿದಳು. ಕಾಣುತ್ತಿರಲಿಲ್ಲ, ಆ ಕಡೆಯ ಆಕಾಶದಲ್ಲಿ ಮಬ್ಬು ತುಂಬಿತ್ತು.

ಬರುವ ಡಿಸೆಂಬರಿನಲ್ಲಿ ಊರಿಗೆ ಹೊರಟಿರುವ ಮಲೆನಾಡಿನ ಸದಸ್ಯರಲ್ಲಿ ನನ್ನದೊಂದು ವಿನಂತಿ. ಬಜ್ಪೆಯಿಂದ ನೇರವಾಗಿ ಘಟ್ಟ ಹತ್ತದೆ ಮಂಗಳೂರಿಗೆ ಎರಡು ದಿನ ಕೊಡಿ. ಊರಿನ ಮನೆ ತಲುಪಿದ ಮೇಲೆ ಅಟ್ಟ ಹತ್ತಿ, ಹೆಂಚಿನ ಒಳಮೈಯಲ್ಲಿ ಯಾವ ಕಾರ್ಖಾನೆಯ ಹೆಸರು, ಯಾವ ವರ್ಷ, ಯಾವ ಗುರುತು ಇದೆಯೆಂದು ನೋಡಿ, ಬರೆದುಕೊಂಡು ಅಥವಾ ಚಿತ್ರ ತೆಗೆದು ನಮಗೆ ಕಳುಹಿಸಿ. ಬಂದವುಗಳನ್ನೆಲ್ಲ ಯುಗಾದಿ ಸಂಚಿಕೆಯಲ್ಲಿ, ಆಯಾ ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.