ಫೋನಿನಲ್ಲಿರುವುದು ನಮ್ಮ ಗುಟ್ಟು ಮಾತ್ರ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವರ್ಷ ನನ್ನ ತಮ್ಮ ಯಾವುದೋ ಆ್ಯಪಿನಲ್ಲಿ ಎಂಟು ಸಾವಿರ ಸಾಲ ತಗೊಂಡಿದ್ದ. ಕಂತು ನಾಲ್ಕು ದಿನ ತಡವಾಯಿತು. ಫೋನು ಬಂದಿದ್ದು ಅವನಿಗಲ್ಲ, ನಮ್ಮಮ್ಮನಿಗೆ. ಆಮೇಲೆ ನನಗೆ, ಅವನು ಲೆಕ್ಕ ಬರೆಯುವ ಮಂಡಕ್ಕಿ ಭಟ್ಟಿಯ ಮಾಲೀಕರಿಗೆ, ಹರಿಹರದಲ್ಲಿರುವ ಅವನ ಮಾವನವರಿಗೆ. ಆ್ಯಪಿನವರು ಎಲ್ಲರಿಗೂ ಬಾಯಿಗೆ ಬಂದ ಹಾಗೆ ಬೈದರು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಮ್ಮ ಮಾಡಿದ್ದಿಷ್ಟೇ, ಆ್ಯಪ್ ಹಾಕಿಕೊಳ್ಳುವಾಗ ಕೇಳಿದ್ದಕ್ಕೆಲ್ಲ 'ಅನುಮತಿಸಿ' ಅಂತ ಒತ್ತಿದ್ದ. ಅಷ್ಟಕ್ಕೇ ಅವನ ಫೋನಿನಲ್ಲಿದ್ದ ಎಲ್ಲರ ನಂಬರೂ ಅವರ ಕೈಗೆ ಹೋಯಿತು. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಲಾಗ್ (ಕರೆಗಳ ಪಟ್ಟಿ) ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳುವವರು ಕೇಳುತ್ತಾರೆ, ಇಂಥವರು ಕೇಳಬೇಕಲ್ಲ!

"ನಾನೇನು ಕಳ್ಳನಾ, ನನ್ನ ಫೋನಲ್ಲಿ ಮುಚ್ಚಿಡೋಕೆ ಏನಿದೆ?" ಅಂತ ಬಹಳ ಜನ ಹೇಳುತ್ತಾರೆ. ನಿಮ್ಮದು ಏನೂ ಇಲ್ಲದಿರಬಹುದು, ಆದರೆ ಅದರಲ್ಲಿ ನಿಮ್ಮನ್ನು ನಂಬಿ ನಂಬರ್ ಕೊಟ್ಟ ನೂರಾರು ಜನ ಇದ್ದಾರೆ. ಅವರನ್ನು ಯಾರು ಕೇಳಿದರು?

ಆ ಸಿಟ್ಟಿನಲ್ಲಿ ನಾನು ಅಮ್ಮನ ಫೋನು ಹಿಡಿದು ಕೂತೆ. ಬರೀ ಟಾರ್ಚ್ ಹಚ್ಚುವ ಆ್ಯಪ್‌ಗೆ ಕಾಂಟ್ಯಾಕ್ಟ್, ಮೈಕ್ ಎರಡೂ ಬೇಕಂತೆ! ಎಲ್ಲ ಆ್ಯಪ್‌ಗೂ ಎಲ್ಲ ಅನುಮತಿ ತೆಗೆದುಹಾಕಿದೆ. ಮಾರನೇ ದಿನ ಅಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ಆಟೋ ಬುಕ್ ಮಾಡಲು ಹೋದರೆ ಲೊಕೇಶನ್ನೇ ಸಿಗಲಿಲ್ಲ, ಚೀಲ ಹೊತ್ತುಕೊಂಡು ಬಿಸಿಲಲ್ಲಿ ನಡೆದೇ ಬಂದರು. ಅದು ನನ್ನದೇ ತಪ್ಪು. ಈಗ ಲೊಕೇಶನ್ನಿಗೆ 'ಆ್ಯಪ್ ಬಳಸುವಾಗ ಮಾತ್ರ' ಅಂತ ಇಟ್ಟಿದ್ದೇನೆ. ಆಟೋನೂ ಬರುತ್ತೆ, ಅಮ್ಮ ಎಲ್ಲಿದ್ದಾರೆ ಅಂತ ಇಡೀ ದಿನ ಆ ಆ್ಯಪ್‌ಗೆ ಗೊತ್ತಾಗೋದಿಲ್ಲ. ಟಾರ್ಚ್ ಆ್ಯಪನ್ನು ತೆಗೆದೇಬಿಟ್ಟೆ, ಫೋನಿನಲ್ಲೇ ಟಾರ್ಚ್ ಇದೆ ಅಲ್ವಾ.

ಸರ್ಕಾರಕ್ಕೂ ಇದೇ ಮಾತು. ಕಳೆದ ಫೋನು ಬ್ಲಾಕ್ ಮಾಡಲು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಒಳ್ಳೆಯದೇ. ಆದರೆ 2025ರ ಕೊನೆಯಲ್ಲಿ ಅದನ್ನು ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಹಾಕಿರಬೇಕು ಅಂತ ಆದೇಶ ಬಂತು, ವಿರೋಧ ಜಾಸ್ತಿಯಾದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ಸಾಯಿತು. ಬೇಕಾದವರು ಹಾಕಿಕೊಳ್ಳಲಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲೇ.

ನಮ್ಮೂರಿನ ಅಂಗಡಿಯವರಿಗೂ ಒಂದು ಮಾತು. ಬಿಲ್ ಹಾಕಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ಇಲಾಖೆ 2023ರಲ್ಲೇ ತಿಳಿಸಿದೆ. ಸುಮ್ನೆ ಕೇಳಬೇಡಿ.

ಜಿಲ್ಲಾ ಪೊಲೀಸರು ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಹೇಳುತ್ತಾರೆ, ಸರಿ. ಹಣ ಹೋಗುವ ಮುಂಚೆಯೇ ವಾರ್ಡಿಗೆ ಒಂದು ದಿನ ಬಂದು, ಭಟ್ಟಿಯಲ್ಲಿ ದುಡಿಯುವವರ, ಮನೆಯಲ್ಲಿರುವ ತಾಯಂದಿರ ಕೈಯಲ್ಲೇ ಫೋನು ಕೊಟ್ಟು, ಈ ಅನುಮತಿಗಳನ್ನು ಎಲ್ಲಿ ತೆಗೆಯಬೇಕು ಅಂತ ಕನ್ನಡದಲ್ಲಿ ತೋರಿಸಿಕೊಡಲಿ. ನಮ್ಮ ವಾರ್ಡಿನಲ್ಲಿ ಮಾಡುವುದಾದರೆ ಜನರನ್ನು ಸೇರಿಸುವ ಕೆಲಸ ನಾನು ಮಾಡುತ್ತೇನೆ.

ನಿಮ್ಮ ಓದುಗ,
ನಿಟುವಳ್ಳಿ, ದಾವಣಗೆರೆ